ಎಲ್ಲ ಕೆಲಸವೂ ಬ್ರೌಸರ್‌ನಲ್ಲೇ ಅಂದಮೇಲೆ ಅಗ್ಗದ ಕ್ರೋಮ್‌ಬುಕ್ ಸಾಕಾ, ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಲಾ?

ತುಂಗಾತೀರ:

ತಂಗಿ ಶಿವಮೊಗ್ಗದಲ್ಲಿ ಬಿ.ಕಾಂ. ಸೇರಿದ್ದಾಳೆ, ಲ್ಯಾಪ್‌ಟಾಪ್ ಬೇಕಂತೆ. ಬಜೆಟ್ 15 ಸಾವಿರ, ತುಂಬಾ ಎಳೆದರೆ 18. ಅವಳು ಮಾಡುವುದೆಲ್ಲ ಬ್ರೌಸರ್‌ನಲ್ಲೇ. ಗೂಗಲ್ ಡಾಕ್ಸ್, ಶೀಟ್ಸ್, ಮೀಟ್, ಯೂಟ್ಯೂಬ್, ವಾಟ್ಸಾಪ್ ವೆಬ್, ಆಮೇಲೆ ಕಾಲೇಜಿನವರು ಕ್ಲಾಸ್‌ರೂಮ್‌ನಲ್ಲಿ ಹಾಕುವ ನೋಟ್ಸು. ಹಾಗಿರುವಾಗ ವಿಂಡೋಸ್ ಲ್ಯಾಪ್‌ಟಾಪ್‌ಗೆ ಯಾಕೆ ದುಡ್ಡು ಸುರಿಯಬೇಕು, ವಿಂಡೋಸ್ ಬದಲು ಗೂಗಲ್‌ನ ಕ್ರೋಮ್‌ಓಎಸ್ ಇರುವ ಒಂದು ಕ್ರೋಮ್‌ಬುಕ್ ತಗೊಂಡರೆ ಆಯ್ತಲ್ವಾ ಅಂತ ನನ್ನ ಯೋಚನೆ. ಅಂಗಡಿಯವನು ಮಾತ್ರ "ಅದು ಕಂಪ್ಯೂಟರೇ ಅಲ್ಲ ಸರ್" ಅಂದುಬಿಟ್ಟ.

ಮನೆಯಲ್ಲಿ 2014ರ ಐ3 ಲ್ಯಾಪ್‌ಟಾಪ್ ಒಂದು ಧೂಳು ತಿನ್ನುತ್ತಿದೆ. 4 ಜಿಬಿ ರ‍್ಯಾಮ್, ಹಳೇ ಹಾರ್ಡ್ ಡಿಸ್ಕ್, ವಿಂಡೋಸ್ 10. ಇದಕ್ಕೆ 11 ಹಾಕಲು ಆಗುವುದಿಲ್ಲವಂತೆ. ಇದಕ್ಕೇ ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿ ಕೊಟ್ಟರೆ ಹೇಗೆ? ನಿಮ್ಮಲ್ಲಿ ಯಾರಾದರೂ ಹೀಗೆ ಬರೀ ವೆಬ್ ಆ್ಯಪ್‌ಗಳ ಮೇಲೆ ಕಾಲೇಜು ಮುಗಿಸಿದವರು ಇದ್ದೀರಾ?

ಹಳೇಪೆಂಗ್ವಿನ್:

ಈ ಯೋಚನೆ ಹೊಸದೇನಲ್ಲ ತಮ್ಮ. 2007ರ ನವೆಂಬರ್‌ನಲ್ಲಿ ಅಮೆರಿಕದ ವಾಲ್‌ಮಾರ್ಟ್‌ನಲ್ಲಿ ಎವರೆಕ್ಸ್ ಕಂಪನಿಯ ಜಿಪಿಸಿ ಅಂತ ಒಂದು ಡೆಸ್ಕ್‌ಟಾಪ್ ಬಂತು. ಬೆಲೆ 199 ಡಾಲರ್, ಮಾನಿಟರ್ ಬಿಟ್ಟು. ನಾನು ಆಗ ಅಲ್ಲೇ ಎಂ.ಎಸ್. ಮಾಡುತ್ತಿದ್ದೆ, ನಮ್ಮ ಹುಡುಗರ ಗುಂಪಿನಲ್ಲಿ ಅದೇ ಮಾತು. ಒಳಗೆ 1.5 ಗಿಗಾಹರ್ಟ್ಸ್‌ನ ವಿಯಾ ಸಿ7 ಪ್ರೊಸೆಸರ್, 512 ಎಂಬಿ ರ‍್ಯಾಮ್, 80 ಜಿಬಿ ಡಿಸ್ಕ್. ಅದರ ಮೇಲೆ ಜಿಓಎಸ್, ಅಂದರೆ ಉಬುಂಟು 7.10 ಅನ್ನುವ ಲಿನಕ್ಸ್ ಮೇಲೆ ಎನ್‌ಲೈಟನ್‌ಮೆಂಟ್ ಇ17 ಅನ್ನುವ ಹಗುರ ಡೆಸ್ಕ್‌ಟಾಪ್ ಹಾಕಿ, ಕೆಳಗೆ ಸಾಲಾಗಿ ಜಿಮೇಲ್, ಗೂಗಲ್ ಡಾಕ್ಸ್, ಯೂಟ್ಯೂಬ್, ಫೇಸ್‌ಬುಕ್ ಐಕಾನ್‌ಗಳನ್ನು ಜೋಡಿಸಿದ್ದರು. ಐಕಾನ್ ಒತ್ತಿದರೆ ಫೈರ್‌ಫಾಕ್ಸ್‌ನಲ್ಲಿ ಆ ಸೈಟ್ ತೆರೆಯುತ್ತದೆ, ಅಷ್ಟೇ ಮಂತ್ರ. ಹೆಸರಿನಲ್ಲಿ ಜಿ ಇದ್ದದ್ದಕ್ಕೆ ಎಷ್ಟೋ ಜನ ಗೂಗಲ್ ಕಂಪ್ಯೂಟರ್ ಅಂದುಕೊಂಡಿದ್ದರು, ಆದರೆ ಗೂಗಲ್‌ಗೂ ಅದಕ್ಕೂ ಸಂಬಂಧವಿರಲಿಲ್ಲ. ಇನ್ನೊಂದು ತಮಾಷೆ ಕೇಳಿ. ಒಳಗಿನ ಮದರ್‌ಬೋರ್ಡ್ ಚಿಕ್ಕದು, ಡಬ್ಬ ಮಾತ್ರ ಬೇಕಂತಲೇ ದೊಡ್ಡದು. ಡಬ್ಬ ದೊಡ್ಡದಿದ್ದರೆ ಶಕ್ತಿ ಜಾಸ್ತಿ ಅಂತ ಗಿರಾಕಿಗಳು ನಂಬುತ್ತಾರೆ ಅನ್ನುವ ಲೆಕ್ಕ!

ಮೊದಲ ಸ್ಟಾಕ್ ಬೇಗನೆ ಖಾಲಿಯಾಯಿತು. ಆದರೂ 2008ರ ಮಾರ್ಚ್ ಹೊತ್ತಿಗೆ ವಾಲ್‌ಮಾರ್ಟ್ ಅದನ್ನು ಅಂಗಡಿಗಳಿಂದ ತೆಗೆದು ಆನ್‌ಲೈನ್‌ನಲ್ಲಿ ಮಾತ್ರ ಇಟ್ಟುಕೊಂಡಿತು. ಯಾಕೆ ಅಂದರೆ, ನನ್ನ ಲೆಕ್ಕದಲ್ಲಿ ಎರಡು ಕಾರಣ. ಒಂದು, ಆಗಿನ ಬ್ರೌಸರ್‌ಗೆ ಅಷ್ಟು ಭಾರ ಹೊರುವ ತಾಕತ್ತಿರಲಿಲ್ಲ. ಕ್ರೋಮ್ ಬಂದದ್ದೇ 2008ರ ಸೆಪ್ಟೆಂಬರ್‌ನಲ್ಲಿ, ವೆಬ್ ಆ್ಯಪ್‌ಗಳ ಒಳಗಿನ ಭಾಷೆ ಜಾವಾಸ್ಕ್ರಿಪ್ಟ್ ನಿಜವಾಗಿ ಓಡಲು ಶುರುವಾಗಿದ್ದು ಅದರ ನಂತರವೇ. ನೆಟ್ ಹೋದರೆ ಡಾಕ್ಸ್ ಕೂಡ ಹೋಯಿತು. ಗೂಗಲ್ ಗೇರ್ಸ್ ಅಂತ ಒಂದು ಆಫ್‌ಲೈನ್ ಉಪಾಯ ಇತ್ತು, ಡಾಕ್ಸ್‌ಗೆ ಅದು ಸೇರಿದ್ದು 2008ರಲ್ಲಿ. ಎರಡನೇದು ವಿಂಡೋಸ್. ಅದೇ 2007ರಲ್ಲಿ ಆಸೂಸ್‌ನ ಇಇಇ ಪಿಸಿ ಕೂಡ ಲಿನಕ್ಸ್ ಜೊತೆಗೇ ಬಂದಿತ್ತು, 7 ಇಂಚಿನ ಪರದೆ, 4 ಜಿಬಿ ಎಸ್‌ಎಸ್‌ಡಿ. ಅದು ಗೆದ್ದದ್ದು ನೋಡಿ ಮೈಕ್ರೋಸಾಫ್ಟ್ ಇಂಥ ಅಗ್ಗದ ಯಂತ್ರಗಳಿಗಾಗಿಯೇ ಎಕ್ಸ್‌ಪಿ ಹೋಮ್ ಮಾರಾಟವನ್ನು 2010ರವರೆಗೆ ಎಳೆಯಿತು. ಎರಡೂ ಪಕ್ಕಪಕ್ಕ ಇದ್ದಾಗ ಜನ ಗುರುತಿರುವುದನ್ನೇ ಎತ್ತಿಕೊಂಡರು. ಆಮೇಲೆ 2011ರಲ್ಲಿ ಸ್ಯಾಮ್‌ಸಂಗ್, ಏಸರ್ ಕ್ರೋಮ್‌ಬುಕ್ ಬಂದವು. ಒಳಗಿರುವುದು ಲಿನಕ್ಸೇ, ಜೆಂಟೂ ಅನ್ನುವ ಲಿನಕ್ಸ್ ಮೂಲದ್ದು, ಆದರೆ ಡಬ್ಬದ ಮೇಲೆ ಎಲ್ಲೂ ಲಿನಕ್ಸ್ ಅಂತ ಬರೆದಿರಲಿಲ್ಲ. ಅದಕ್ಕೇ ಬದುಕಿತು ಅನ್ನುವವರೂ ಇದ್ದಾರೆ, ನನಗೂ ಹಾಗೇ ಅನಿಸುತ್ತದೆ.

ನಮ್ಮ ಬೆಂಗಳೂರಿನ ಸಿಂಪ್ಯೂಟರ್ ಇದಕ್ಕೂ ಮುಂಚಿನದು ಗೊತ್ತಾ? ಐಐಎಸ್‌ಸಿ ಪ್ರೊಫೆಸರ್‌ಗಳು ಸೇರಿ ಮಾಡಿದ ಲಿನಕ್ಸ್ ಯಂತ್ರ. 2004ರಲ್ಲಿ ಬಿಇಎಲ್ ತಯಾರಿಸಿ ಅಮಿಡಾ ಅನ್ನುವ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು, ಕಡಿಮೆ ಬೆಲೆಯ ಮಾದರಿಗೆ 9,950 ರೂಪಾಯಿ. ಅದರ ಕಥೆ ಶುರು ಮಾಡಿದರೆ ಈ ಥ್ರೆಡ್ ಮುಗಿಯುವುದಿಲ್ಲ, ಬಿಡಿ.

ನಿಮ್ಮ ಪ್ರಶ್ನೆಗೆ ಬಂದರೆ, ಜಿಪಿಸಿಗೆ ಇದ್ದ ತೊಂದರೆಗಳಲ್ಲಿ ಮುಕ್ಕಾಲು ಈಗ ಇಲ್ಲ. ಉಳಿದಿರುವ ತೊಂದರೆ ರ‍್ಯಾಮ್. ಆಗ 512 ಎಂಬಿ ಸಾಲದಾದ ಹಾಗೆ ಈಗ 4 ಜಿಬಿ ಸಾಲುವುದಿಲ್ಲ.

ಬೈಟ್‌ಬಸವ:

ಮೇಲಿನವರ ಕೊನೇ ಸಾಲಿಗೆ ನನ್ನದೊಂದು ಓಟು. ಕ್ರೋಮ್‌ನಲ್ಲಿ ಒಂದೊಂದು ಸೈಟಿಗೂ ಬೇರೆ ಬೇರೆ ಪ್ರೊಸೆಸ್. 2018ರಲ್ಲಿ ಸ್ಪೆಕ್ಟರ್ ಅನ್ನುವ ಪ್ರೊಸೆಸರ್ ಭದ್ರತಾ ದೋಷದ ಗಲಾಟೆ ಆದಮೇಲೆ ಇದು ಇನ್ನೂ ಕಟ್ಟುನಿಟ್ಟಾಯಿತು, ರ‍್ಯಾಮ್ ಇನ್ನಷ್ಟು ಬೇಕಾಯಿತು. ಮೀಟ್‌ನಲ್ಲಿ ಕ್ಯಾಮೆರಾ ಆನ್, ಪಕ್ಕದಲ್ಲಿ ದೊಡ್ಡದೊಂದು ಶೀಟ್, ಹಿಂದೆ ವಾಟ್ಸಾಪ್ ವೆಬ್ ಅಂದರೆ 4 ಜಿಬಿ ಏದುಸಿರು ಬಿಡುತ್ತದೆ. ಕ್ರೋಮ್‌ಓಎಸ್ ಝಡ್‌ರ‍್ಯಾಮ್ ಬಳಸಿ ಮೆಮೊರಿ ಒತ್ತಿ ಇಡುತ್ತದೆ, ಹಾಗಾಗಿ ಅದೇ 4 ಜಿಬಿಯಲ್ಲಿ ವಿಂಡೋಸ್‌ಗಿಂತ ವಾಸಿ, ನಿಜ. ಆದರೆ ಅಗ್ಗದ ಕ್ರೋಮ್‌ಬುಕ್‌ಗಳಲ್ಲಿ ರ‍್ಯಾಮ್ ಬೋರ್ಡ್‌ಗೇ ಬೆಸುಗೆ ಆಗಿರುತ್ತದೆ, ಸ್ಟೋರೇಜ್ ಕೂಡ ಬೋರ್ಡ್‌ಗೇ ಅಂಟಿದ ಇಎಂಎಂಸಿ ಚಿಪ್. ನಾಳೆ ಸಾಲದು ಅನಿಸಿದರೆ ಏನೂ ಮಾಡುವ ಹಾಗಿಲ್ಲ. 16,499ಕ್ಕೆ ಬಂದಿತ್ತಲ್ಲ ಜಿಯೋದವರ ಲ್ಯಾಪ್‌ಟಾಪ್ ಜಿಯೋಬುಕ್, ಅದೂ 4 ಜಿಬಿ, 64 ಜಿಬಿ ಲೆಕ್ಕವೇ.

ನಿಮ್ಮ ಹಳೇ ಲ್ಯಾಪ್‌ಟಾಪ್‌ಗೆ ಇನ್ನೊಂದು 4 ಜಿಬಿ ಸ್ಟಿಕ್ ಹಾಕಿ, ಹಾರ್ಡ್ ಡಿಸ್ಕ್ ತೆಗೆದು ಸಾಟಾ ಎಸ್‌ಎಸ್‌ಡಿ ಕೂರಿಸಿ. ಆ ಕಾಲದ್ದರಲ್ಲಿ ಸಾಮಾನ್ಯವಾಗಿ ಎರಡು ಸ್ಲಾಟ್ ಇರುತ್ತವೆ, ಡಿಡಿಆರ್3ಎಲ್ ಬಗೆಯ ರ‍್ಯಾಮ್ ಬೇಕು, ಆದರೂ ಕೆಳಗಿನ ಮುಚ್ಚಳ ಬಿಚ್ಚಿ ಕಣ್ಣಾರೆ ನೋಡಿಯೇ ಆರ್ಡರ್ ಮಾಡಿ. ಆಮೇಲೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಆವೃತ್ತಿ. ಅದರಲ್ಲಿ ವೆಬ್ ಆ್ಯಪ್ಸ್ ಅಂತ ಒಂದು ಟೂಲ್ 2021ರಿಂದ ಇದೆ. ಸೈಟಿನ ವಿಳಾಸ ಕೊಟ್ಟರೆ ಮೆನುವಿನಲ್ಲಿ ಐಕಾನ್ ಮಾಡಿ ಕೊಡುತ್ತದೆ, ಒತ್ತಿದರೆ ಅಡ್ರೆಸ್ ಬಾರ್ ಇಲ್ಲದ ಪ್ರತ್ಯೇಕ ಕಿಟಕಿಯಲ್ಲಿ ತೆರೆಯುತ್ತದೆ. ಜಿಓಎಸ್ ಮಾಡಲು ಹೊರಟದ್ದೂ ಇದನ್ನೇ.

ಸೇವಾಕೇಂದ್ರ_ತಿಪಟೂರು:

ನಾನು ಊರಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ ಇಟ್ಟಿದ್ದೇನೆ. ನನ್ನ ಕೆಲಸವೂ ದಿನಪೂರ್ತಿ ಬ್ರೌಸರ್‌ನಲ್ಲೇ. ಸೇವಾಸಿಂಧು, ಪಹಣಿ, ಸ್ಕಾಲರ್‌ಶಿಪ್, ಎಲ್ಲ ವೆಬ್‌ಸೈಟೇ ತಾನೇ ಅಂತ ಒಂದು ಮಷೀನಿಗೆ ಉಬುಂಟು ಹಾಕಿದೆ. ಸೈಟ್‌ಗಳು ಚೆನ್ನಾಗಿಯೇ ತೆರೆದವು. ಸಿಕ್ಕಿಹಾಕಿಕೊಂಡದ್ದು ಯುಎಸ್‌ಬಿಗೆ ಚುಚ್ಚುವ ಸಾಮಾನುಗಳಲ್ಲಿ. ಬೆರಳಚ್ಚು ಸ್ಕ್ಯಾನರ್‌ನ ಡ್ರೈವರ್ ಸಿಗುವುದು ಹೆಚ್ಚಾಗಿ ವಿಂಡೋಸ್‌ಗೆ ಮತ್ತು ಆಂಡ್ರಾಯ್ಡ್‌ಗೆ. ಡಿಜಿಟಲ್ ಸಹಿಯ ಟೋಕನ್ ಒಂದು ದಿನ ಬಂದರೆ ಇನ್ನೊಂದು ದಿನ ಇಲ್ಲ. ಇನ್ನು ನಮ್ಮ ಕಡೆ ಪ್ರತಿ ಜೆರಾಕ್ಸ್ ಅಂಗಡಿಯಲ್ಲೂ ಕಾಣುವ ಆ ಹಳೇ ಲೇಸರ್ ಪ್ರಿಂಟರ್ ಇದೆಯಲ್ಲ, ಅದಕ್ಕೆ ಲಿನಕ್ಸ್‌ನಲ್ಲಿ ಡ್ರೈವರ್ ಹಾಕುವ ಹೊತ್ತಿಗೆ ನಾಲ್ಕು ಗಿರಾಕಿ ಎದ್ದು ಹೋದರು! ವೈಫೈ ಇರುವ ಈಚಿನ ಪ್ರಿಂಟರ್‌ಗಳಿಗೆ ಈ ಗೋಳಿಲ್ಲ. ಡ್ರೈವರ್ ಕೇಳದೆ ತಾನಾಗಿ ಸಿಗುತ್ತವೆ, ಕ್ರೋಮ್‌ಬುಕ್‌ನಲ್ಲೂ ಅಷ್ಟೇ.

ಕಾಲೇಜು ಹುಡುಗಿಗೆ ಇದೆಲ್ಲ ಬೇಕಾಗುವುದಿಲ್ಲ ಬಿಡಿ. ಆದರೂ ಮನೆಯಲ್ಲಿ ಪ್ರಿಂಟರ್ ಇದ್ದರೆ ಮೊದಲು ಅದನ್ನು ನೋಡಿಕೊಳ್ಳಿ.

ಲೆಕ್ಕದಮೇಷ್ಟ್ರು:

ಎಲ್ಲರೂ ರ‍್ಯಾಮ್ ರ‍್ಯಾಮ್ ಅನ್ನುತ್ತಿದ್ದೀರಿ, ಹುಡುಗಿ ಬಿ.ಕಾಂ. ಅನ್ನುವುದನ್ನು ಯಾರೂ ಓದಿಲ್ಲ. ಟ್ಯಾಲಿ ಎಲ್ಲಿ ಹಾಕುತ್ತೀರಿ? ಲೆಕ್ಕಪತ್ರ ಬರೆಯುವ ಟ್ಯಾಲಿಪ್ರೈಮ್ ವಿಂಡೋಸ್ ಸಾಫ್ಟ್‌ವೇರ್. ಬ್ರೌಸರ್‌ನಲ್ಲಿ ರಿಪೋರ್ಟ್ ನೋಡಬಹುದು, ಕ್ಲೌಡ್‌ನಲ್ಲಿ ದುಡ್ಡು ಕೊಟ್ಟು ಓಡಿಸಬಹುದು, ಆದರೆ ಕಲಿಯುವ ಮಕ್ಕಳು ಬಳಸುವುದು ಪುಕ್ಕಟೆ ಎಜುಕೇಷನಲ್ ಮೋಡ್. ತಿಂಗಳಿನ 1, 2 ಮತ್ತು 31ನೇ ತಾರೀಖಿಗೆ ಮಾತ್ರ ವೋಚರ್ ಹಾಕಲು ಬಿಡುತ್ತದಲ್ಲ, ಅದು. ಅದಕ್ಕೆ ವಿಂಡೋಸ್ ಮಷೀನ್ ಬೇಕು. ಕ್ರೋಮ್‌ಬುಕ್‌ನ ಲಿನಕ್ಸ್ ಕಂಟೇನರ್ ಒಳಗೆ ವಿಂಡೋಸ್ ಸಾಫ್ಟ್‌ವೇರ್ ಓಡಿಸುವ ವೈನ್, ವೈನ್ ಒಳಗೆ ಟ್ಯಾಲಿ ಅಂತ ಸರ್ಕಸ್ ಮಾಡುವವರು ಮಾಡಲಿ, ಪರೀಕ್ಷೆ ಹತ್ತಿರ ಬಂದಾಗ ಆ ಹುಡುಗಿಗೆ ಬೇಡ.

ಹೊಸ ಕ್ರೋಮ್‌ಬುಕ್ ನನ್ನ ಪ್ರಕಾರ ಬೇಡವೇ ಬೇಡ. ಬಿ.ಎ., ಪತ್ರಿಕೋದ್ಯಮ ಆಗಿದ್ದರೆ ತಗೊಳ್ಳಿ ಅಂತ ನಾನೇ ಹೇಳುತ್ತಿದ್ದೆ.

ತುಂಗಾತೀರ:

ಮೇಷ್ಟ್ರೇ, ಟ್ಯಾಲಿ ನನ್ನ ತಲೆಗೇ ಬಂದಿರಲಿಲ್ಲ. ತಂಗಿಯನ್ನು ಕೇಳಿದೆ, ಮುಂದಿನ ಸೆಮಿಸ್ಟರ್‌ನಲ್ಲಿ ಇದೆಯಂತೆ.

ಹಾಗಾದರೆ ಹಳೇ ಲ್ಯಾಪ್‌ಟಾಪೇ ಸರಿ ಅನಿಸುತ್ತಿದೆ. ರ‍್ಯಾಮ್, ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ 10 ಒಂದು ಪಾಲಿನಲ್ಲಿ ಬರೀ ಟ್ಯಾಲಿಗೆ, ನೆಟ್ ಇಲ್ಲದೆ. ಉಳಿದದ್ದಕ್ಕೆಲ್ಲ ಲಿನಕ್ಸ್. ಸರಿ ತಾನೇ?

ಎರಡು ಅನುಮಾನ. ಅಪ್ಪನೂ ಆಗಾಗ ಇದೇ ಮಷೀನ್ ಬಳಸುತ್ತಾರೆ. ಅವರು ಸಂಘದ ಠರಾವು, ಪತ್ರ ಎಲ್ಲ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟಿದ್ದಾರೆ, ಹಳೇ ಫೈಲುಗಳು ರಾಶಿ ಇವೆ. ಅವು ಗೂಗಲ್ ಡಾಕ್ಸ್‌ನಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತಿವೆ. ಮತ್ತೆ ಮಿಂಟ್ ಬದಲು, ಹಳೇ ಲ್ಯಾಪ್‌ಟಾಪ್‌ಗೂ ಹಾಕಬಹುದಾದ ಗೂಗಲ್‌ನ ಕ್ರೋಮ್‌ಓಎಸ್ ಫ್ಲೆಕ್ಸ್ ಹಾಕಿದರೆ ತಂಗಿಗೆ ಇನ್ನೂ ಸುಲಭ ಆಗುತ್ತಾ?

ಕಗಪ_ಕೈಬೆರಳು:

ಅಪ್ಪನ ಫೈಲುಗಳು ಯೂನಿಕೋಡ್‌ನಲ್ಲಿಲ್ಲ (ಕನ್ನಡ ಅಕ್ಷರಕ್ಕೇ ಸ್ವಂತ ಸಂಕೇತ ಕೊಡುವ ಪದ್ಧತಿ ಅದು), ಅದಕ್ಕೇ ಹಾಗೆ. ಹಳೇ ನುಡಿ, ಹಳೇ ಬರಹ ಫಾಂಟ್‌ಗಳಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಇಂಗ್ಲಿಷ್ ಅಕ್ಷರದ ಸಂಕೇತವನ್ನೇ, ಫಾಂಟ್ ಅದರ ಮೇಲೆ ಕನ್ನಡದ ಆಕಾರ ಬಿಡಿಸುತ್ತದೆ. ಆ ಫಾಂಟ್ ಇಲ್ಲದ ಕಡೆ ಮುಖವಾಡ ಕಳಚಿ ಬೀಳುತ್ತದೆ. ಗೂಗಲ್ ಡಾಕ್ಸ್‌ಗೆ ನಮ್ಮ ಫಾಂಟ್ ಸೇರಿಸುವ ದಾರಿ ಇಲ್ಲ, ಕ್ರೋಮ್‌ಬುಕ್‌ನಲ್ಲೂ ಕಷ್ಟವೇ. ಮಿಂಟ್‌ನಲ್ಲಾದರೆ ನುಡಿಯ ಟಿಟಿಎಫ್ ಫೈಲುಗಳನ್ನು ಹೋಮ್ ಫೋಲ್ಡರ್‌ನ ಒಳಗೆ ಫಾಂಟ್ಸ್ ಫೋಲ್ಡರ್‌ಗೆ ಹಾಕಿ, ಲಿಬ್ರೆಆಫೀಸ್‌ನಲ್ಲಿ ಕಡತ ತೆರೆದರೆ ಕನ್ನಡವಾಗಿಯೇ ಕಾಣುತ್ತದೆ. ಮುಂದೆ ಬೇಕಾದವನ್ನು ಯೂನಿಕೋಡ್‌ಗೆ ಪರಿವರ್ತಿಸಿ ಇಟ್ಟುಕೊಳ್ಳಿ, ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಒತ್ತಕ್ಷರ, ಅರ್ಕಾವತ್ತು ಇರುವ ಕಡೆ ಒಮ್ಮೆ ಕಣ್ಣಾಡಿಸಿ, ಅಲ್ಲಿ ಎಡವುತ್ತವೆ.

ಟೈಪಿಂಗ್ ಚಿಂತೆ ಬೇಡ. ಲಿನಕ್ಸ್‌ನಲ್ಲಿ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿದರೆ ನುಡಿಯ ಕಗಪ ಕೀಲಿಮಣೆ ವಿನ್ಯಾಸ ಸಿಗುತ್ತದೆ, ನುಡಿಯಲ್ಲಿ ಪಳಗಿದ ಬೆರಳಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ. ಇನ್‌ಸ್ಕ್ರಿಪ್ಟ್ ಕೂಡ ಇದೆ. ಕ್ರೋಮ್‌ಓಎಸ್‌ನಲ್ಲೂ ಕನ್ನಡ ಫೊನೆಟಿಕ್ ಇದೆ, ಇಂಗ್ಲಿಷ್‌ನಲ್ಲಿ ಹೊಡೆದರೆ ಕನ್ನಡವಾಗುವ ಲಿಪ್ಯಂತರವೂ ಇದೆ. ತಂಗಿಗೆ ಅದು ಸಾಕು, ಅಪ್ಪನಿಗೆ ಸಿಟ್ಟು ಬರುತ್ತದೆ.

ಹಳೇಪೆಂಗ್ವಿನ್:

ಫ್ಲೆಕ್ಸ್ ಬಗ್ಗೆ ಕೇಳಿದ್ದು ಒಳ್ಳೇದಾಯ್ತು, ಹಾಕುವ ಮುಂಚೆ ಇದನ್ನು ಓದಿ. ನೆವರ್‌ವೇರ್ ಅನ್ನುವ ಕಂಪನಿಯ ಕ್ಲೌಡ್‌ರೆಡಿಯನ್ನು ಗೂಗಲ್ 2020ರ ಕೊನೆಗೆ ಕೊಂಡು, 2022ರಲ್ಲಿ ಇದನ್ನೇ ಫ್ಲೆಕ್ಸ್ ಅಂತ ಬಿಟ್ಟಿತು. 4 ಜಿಬಿ ರ‍್ಯಾಮ್, 16 ಜಿಬಿ ಡಿಸ್ಕ್ ಇದ್ದರೆ ಸಾಕು ಅನ್ನುತ್ತದೆ, ಹಗುರವಾಗಿಯೇ ಓಡುತ್ತದೆ. ಆದರೆ ಇನ್‌ಸ್ಟಾಲ್ ಮಾಡಿದರೆ ಇಡೀ ಡಿಸ್ಕ್ ಅಳಿಸಿಹಾಕುತ್ತದೆ. ಪಕ್ಕದಲ್ಲಿ ವಿಂಡೋಸ್ ಇಟ್ಟುಕೊಳ್ಳುವ ಹಾಗಿಲ್ಲ. ಅಂದರೆ ಟ್ಯಾಲಿಗೂ ಗೋತಾ, ಅಪ್ಪನ ಫೈಲಿಗೂ ಗೋತಾ. ಹೊಸ ಕ್ರೋಮ್‌ಬುಕ್‌ನಲ್ಲಿರುವ ಪ್ಲೇ ಸ್ಟೋರ್ ಕೂಡ ಇದರಲ್ಲಿಲ್ಲ.

ಮುಂದೆ ಯಾವತ್ತಾದರೂ ಸೆಕೆಂಡ್ ಹ್ಯಾಂಡ್ ಕ್ರೋಮ್‌ಬುಕ್ ಕೊಂಡರೆ ಅಪ್‌ಡೇಟ್ ಮುಗಿಯುವ ತಾರೀಖು ನೋಡದೆ ದುಡ್ಡು ಕೊಡಬೇಡಿ. 10 ವರ್ಷ ಅಂತ ಗೂಗಲ್ 2023ರಲ್ಲಿ ಹೇಳಿದೆ, ಆದರೆ ಲೆಕ್ಕ ಶುರುವಾಗುವುದು ಆ ಪ್ಲಾಟ್‌ಫಾರ್ಮ್ ಬಿಡುಗಡೆಯಾದ ದಿನದಿಂದ, ನೀವು ಕೊಂಡ ದಿನದಿಂದ ಅಲ್ಲ. ಸೆಟ್ಟಿಂಗ್ಸ್‌ನಲ್ಲಿ ಕ್ರೋಮ್‌ಓಎಸ್ ಬಗೆಗಿನ ಪುಟದಲ್ಲೇ ತಾರೀಖು ಇರುತ್ತದೆ.

ಬೈಟ್‌ಬಸವ:

ಮಿಂಟ್ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ, ಇನ್‌ಸ್ಟಾಲ್ ಒತ್ತಬೇಡಿ. ವೈಫೈ ಸಿಗುತ್ತಾ, ಮೀಟ್‌ನಲ್ಲಿ ಕ್ಯಾಮೆರಾ ಮತ್ತು ಮೈಕ್ ಬರುತ್ತಾ, ಮುಚ್ಚಳ ಮುಚ್ಚಿ ತೆರೆದರೆ ಏಳುತ್ತಾ, ಇಷ್ಟು ನೋಡಿಕೊಳ್ಳಿ. ಯೂಟ್ಯೂಬ್ ಎಳೆದಾಡಿದರೆ ಗಾಬರಿ ಬೇಡ. ಆ ಕಾಲದ ಇಂಟೆಲ್ ಚಿಪ್‌ಗೆ ಯೂಟ್ಯೂಬ್ ಕಳಿಸುವ ವಿಪಿ9 ಬಗೆಯ ವಿಡಿಯೋ ಬಿಡಿಸಲು ಬರುವುದಿಲ್ಲ, ಕೆಲಸವೆಲ್ಲ ಸಿಪಿಯು ತಲೆಗೆ ಬೀಳುತ್ತದೆ. ಎಚ್264ಇಫೈ ತರಹದ ಎಕ್ಸ್‌ಟೆನ್ಶನ್ ಹಾಕಿದರೆ ಯೂಟ್ಯೂಬ್ ಹಳೇ ಎಚ್.264 ಕಳಿಸುತ್ತದೆ, ಫ್ಯಾನ್ ಸದ್ದೂ ಇಳಿಯುತ್ತದೆ. ಎಸ್‌ಎಸ್‌ಡಿಗೆ ಮೊದಲು ವಿಂಡೋಸ್ ಹಾಕಿ, ಆಮೇಲೆ ಮಿಂಟ್. ತಿರುಗಾಮುರುಗಾ ಮಾಡಿದರೆ ಆನ್ ಮಾಡಿದಾಗ ವಿಂಡೋಸ್ ಬೂಟ್‌ಲೋಡರ್ ಮುಂದೆ ಬಂದು ಕೂರುತ್ತದೆ, ಮಿಂಟ್ ಕಾಣುವುದಿಲ್ಲ, ಸರಿಮಾಡಲು ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ.