ಜನ ಇರುವಾಗಲೇ ಹಳೇ ವಠಾರ ರಿಪೇರಿ: ಯಾರಾದರೂ ಮಾಡಿಸಿದ್ದೀರಾ?

ಕೋಲಾರದಲ್ಲಿ ತಾತನ ಕಾಲದ ವಠಾರ ಇದೆ. ಏಳು ಮನೆ, ಕಲ್ಲು ಚಪ್ಪಡಿ ಸೂರು, ಮೂರು ಮನೆ ಸೋರುತ್ತವೆ. ಇರುವವರು ಟೊಮೆಟೊ ಮಂಡಿ ಹಮಾಲರು, ಮನೆಕೆಲಸದವರು. ಖಾಲಿ ಮಾಡಿಸಲು ಮನಸ್ಸಿಲ್ಲ. ಆವಾಸ್ ಯೋಜನೆಯಲ್ಲಿ ಹಣ ಸಿಗುತ್ತದಾ? ಎಲ್ಲಿಂದ ಶುರು ಮಾಡಲಿ?

ಒಬ್ಬ ಓನರ್:
ಅಣ್ಣ, ನಮ್ಮದೂ ಕೋಲಾರವೇ. ಒಂಬತ್ತು ಮನೆ, ಜನ ಇದ್ದ ಹಾಗೆಯೇ ಮಾಡಿಸಿದೆವು. ಆವಾಸ್ ಯೋಜನೆ ಸ್ವಂತ ಪಕ್ಕಾ ಮನೆ ಇಲ್ಲದವರಿಗೆ, ಬಾಡಿಗೆ ವಠಾರದ ರಿಪೇರಿಗೆ ಅಲ್ಲ. ಅದನ್ನು ನಂಬಿ ಕೂರಬೇಡಿ.

ಒಂದು ಮನೆ ಖಾಲಿ ಸಿಕ್ಕರೆ ಅರ್ಧ ಕೆಲಸ ಆದ ಹಾಗೆ. ನಮ್ಮ ಮೂಲೆ ಮನೆಯವರು ಊರಿಗೆ ಹೋಗಿಬಿಟ್ಟಿದ್ದರು, ಅಲ್ಲಿಗೆ ಹೊಸಬರನ್ನು ಬಿಡದೆ ಮೊದಲು ಅದನ್ನೇ ಸರಿ ಮಾಡಿಸಿ, ಪಕ್ಕದ ಮನೆಯವರನ್ನು ಅಲ್ಲಿಗೆ ಕಳಿಸಿ, ಅವರ ಮನೆಯಲ್ಲಿ ಕೆಲಸ, ಹೀಗೆ ಒಂದೊಂದಾಗಿ ಸುತ್ತಿಸಿದೆವು. ಮನೆಗೆ ಹತ್ತು ದಿನ ಅಂದ ಮೇಸ್ತ್ರಿ ಇಪ್ಪತ್ತೆರಡು ತೆಗೆದುಕೊಂಡರು, ಅದು ಬಿಡಿ. ಕಕ್ಕಸು ಎರಡಿದ್ದರೆ ಎರಡನ್ನೂ ಒಟ್ಟಿಗೆ ಒಡೆಯಬೇಡಿ. ನಾವು ಒಡೆದೆವು. ನಾಲ್ಕು ದಿನ ಹೆಂಗಸರು ಕತ್ತಲಿರುವಾಗಲೇ ಎದ್ದು ಪಕ್ಕದ ಬೀದಿಯವರ ಮನೆ ಬಾಗಿಲು ತಟ್ಟಬೇಕಾಯಿತು. ಇವತ್ತಿಗೂ ಅವರ ಮುಖ ನೋಡಲು ನನಗೆ ಸಂಕೋಚ.

ಚಪ್ಪಡಿ ಮೇಲೆ ಹಳೇ ಮಣ್ಣು, ಗಾರೆ ಎಷ್ಟು ಪದರ ಇದೆ ಅಂತ ತೆಗೆಸಿ ನೋಡಿ. ಸೋರಿದಾಗಲೆಲ್ಲ ಇನ್ನೊಂದು ಪದರ ಬಳಿದಿರುತ್ತಾರೆ, ಭಾರವೆಲ್ಲ ಕಲ್ಲಿನ ಮೇಲೆ. ಕಲ್ಲು ಮರದ ಹಾಗೆ ಬಗ್ಗಿ ಸೂಚನೆ ಕೊಡುವುದಿಲ್ಲ, ಒಂದೇ ಸಲ ಮುರಿಯುತ್ತದೆ. ಕೆಳಗಡೆ ಸಣ್ಣ ಬಿರುಕು ಕಂಡರೂ ಅವತ್ತೇ ಕಂಬ ಕೊಡಿಸಿ, ಆ ಮನೆಯವರನ್ನು ಬೇರೆ ಕಡೆ ಮಲಗಿಸಿ. ನಮ್ಮಲ್ಲಿ ಹಳೇ ಪದರ ಪೂರ್ತಿ ಇಳಿಸಿ, ಸಂದು ಕೆರೆದು ಹೊಸ ಗಾರೆ ತುಂಬಿ, ನೀರು ನಿಲ್ಲದ ಹಾಗೆ ವಾಟ ಕೊಟ್ಟರು. ಸೂರಿನ ಕೆಲಸ ಜನವರಿಯಿಂದ ಮಾರ್ಚ್ ಒಳಗೆ ಮುಗಿಸಿ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಮಳೆ ಜಾಸ್ತಿ ಅಲ್ವಾ.

ಬಾಡಿಗೆಗೆ ಇರುವವಳು:
ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ವೈರಿಂಗ್ ಮಾಡಿಸುವಾಗ ಯಾರಾದರೂ ಏಳು ಮೀಟರ್ ಯಾಕೆ, ಒಂದೇ ಸಾಕು ಅಂದರೆ ಕೇಳಬೇಡಿ ಸಾರ್. ಗೃಹಜ್ಯೋತಿಯಲ್ಲಿ 2023ರ ಆಗಸ್ಟ್‌ನಿಂದ ನಮ್ಮಂಥವರಿಗೆ ಸೊನ್ನೆ ಬಿಲ್ ಬರುತ್ತಿದೆ. ತಿಂಗಳಿಗೆ 200 ಯೂನಿಟ್ ಮಿತಿ. ಏಳು ಮನೆ ಒಂದೇ ಮೀಟರ್‌ಗೆ ಸೇರಿದರೆ ಅದು ದಾಟಿಯೇ ದಾಟುತ್ತದೆ, ಆಮೇಲೆ ಪೂರ್ತಿ ಬಿಲ್ ನಮ್ಮ ತಲೆಗೆ. ಇನ್ನೊಂದು, ಕೆಲಸ ಆದಮೇಲೆ ಅದೇ ಮನೆ, ಅದೇ ಬಾಡಿಗೆ ಅಂತ ಕಾಗದದ ಮೇಲೆ ಬರೆದುಕೊಡಿ. ನಮಗೆ ಬರೀ ಬಾಯಿಮಾತು ಸಿಕ್ಕಿತ್ತು. ಟೈಲ್ಸ್ ಬಂತು, ಬಾಡಿಗೆ ಡಬಲ್ ಆಯಿತು, ನಾವು ಹೊರಗೆ ಬಂದೆವು.

ಗಾರೆ ಮೇಸ್ತ್ರಿ:
ಮಂಡಿಯವರು ಬೆಳಗಿನ ಜಾವ ಹೋಗಿ ಮಧ್ಯಾಹ್ನ ಬಂದು ಮಲಗುತ್ತಾರೆ. ಒಡೆಯುವುದು, ಕೊರೆಯುವುದು ಎಲ್ಲ ಬೆಳಗ್ಗೆಯೇ ಮುಗಿಸಲು ಹೇಳಿ. ಹೊಸ ಸಿಮೆಂಟಿಗೆ ಕಡಿಮೆ ಅಂದರೂ 7 ದಿನ ನೀರು ಬೇಕು. ಅದಕ್ಕೆ ಬೇರೆ ಟ್ಯಾಂಕರ್, ಬೇರೆ ಡ್ರಮ್ ಇಡಿ. ವಠಾರದ ನೀರಿನ ಸಂಪ್‌ಗೆ ಕೈ ಹಾಕಿದರೆ ಮೊದಲ ದಿನವೇ ಜಗಳ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ನಮ್ಮಲ್ಲಿ ಖಾಲಿ ಮನೆ ಇಲ್ಲ, ಆದರೆ ಮುಂದುಗಡೆ ನಮ್ಮದೇ ಗೋಡೌನ್ ಇದೆ, ಸುಮ್ನೆ ಹಳೇ ಸಾಮಾನು ತುಂಬಿದೆ. ಭಾನುವಾರ ಅದನ್ನು ಖಾಲಿ ಮಾಡಿ ನಲ್ಲಿ ಹಾಕಿಸುತ್ತೇನೆ. ಕಾಗದ ಹೇಗೆ ಬರೆಯಬೇಕು ಅಂತ ಅಕ್ಕ ಇನ್ನೊಂಚೂರು ಹೇಳಿದರೆ ಒಳ್ಳೆಯದು.