ಸಹಾಯ ಬೇಕು: ಮೊಬೈಲ್ ಫೋಟೋದ ನೆರಳಲ್ಲಿ ನಾಯ್ಸ್ ಹೋಗ್ತಿಲ್ಲ

ಎಲ್ಲರಿಗೂ ನಮಸ್ಕಾರ. ಕೋಣೆಯಲ್ಲಿ ಒಂದೇ ಎಲ್ಇಡಿ ದೀಪ, ಎದುರಿಗೆ ಮೇಜಿನ ಮೇಲೆ ಬಿಳಿ ಪಿಂಗಾಣಿ ಕಪ್, ಹಿಂದೆ ಕಡುನೀಲಿ ಬಟ್ಟೆ. ಆಟೋದಲ್ಲಿ ಫೋನು ಶಟರ್ 1/60 ಸೆಕೆಂಡ್, ಐಎಸ್ಒ (ಬೆಳಕಿನ ಸಂವೇದನೆ) 1600 ಹಿಡಿಯುತ್ತೆ. ಬಟ್ಟೆಯ ಮಡಿಕೆಗಳಲ್ಲೆಲ್ಲ ಕೆಂಪು-ಹಸಿರು ಚುಕ್ಕೆ, ಅಂದರೆ ನಾಯ್ಸ್. ನೈಟ್ ಮೋಡ್ ಹಾಕಿದರೆ ಚುಕ್ಕೆ ಮಾಯ, ಜೊತೆಗೆ ನೇಯ್ಗೆಯೂ ಮಾಯ. ಮೇಣ ಬಳಿದ ಹಾಗೆ!

ಟ್ರೈಪಾಡ್ ಮೇಲಿಟ್ಟು, 3 ಸೆಕೆಂಡ್ ಟೈಮರ್ ಹಾಕಿ, ಪ್ರೋ ಮೋಡ್‌ನಲ್ಲಿ (ಸೆಟ್ಟಿಂಗ್ ನಾವೇ ಕೊಡೋದು) 1/4 ಸೆಕೆಂಡ್, ಐಎಸ್ಒ 100 ಕೊಟ್ಟಾಗ ನೆರಳು ಚೆನ್ನಾಗಿ ಬಂತು. ಆದರೆ ಕಪ್‌ನ ಅಂಚು ಪೂರ್ತಿ ಸುಟ್ಟುಹೋಗಿದೆ (ಬರೀ ಬಿಳಿ), ರಾ ಫೈಲಿನಲ್ಲೂ (ಫೋನು ಸಂಸ್ಕರಿಸದ ಮೂಲ ಚಿತ್ರ) ವಿವರ ಸಿಗಲ್ಲ. ಶಟರ್ 1/15ಕ್ಕೆ ಇಳಿಸಿದರೆ ಅಂಚು ಉಳಿಯುತ್ತೆ; ಎಡಿಟಿಂಗ್‌ನಲ್ಲಿ ನೆರಳನ್ನು 2 ಸ್ಟಾಪ್ (ನಾಲ್ಕು ಪಟ್ಟು ಬೆಳಕು) ಎತ್ತಿದ ತಕ್ಷಣ ಚುಕ್ಕೆ ಮತ್ತೆ ಹಾಜರ್. ಬಿದ್ದ ಬೆಳಕೇ ಕಮ್ಮಿ, ಐಎಸ್ಒ ಇಳಿಸಿ ಏನುಪಯೋಗ, ಅದು ಗೊತ್ತು.

ಈಗ ಪ್ರಶ್ನೆ. 1/15ರಲ್ಲೇ 16 ಫ್ರೇಮ್ ತೆಗೆದು ಸರಾಸರಿ ಮಾಡಿದರೆ ನಾಯ್ಸ್ ಸುಮಾರು ಕಾಲುಭಾಗಕ್ಕೆ ಇಳಿಯಬೇಕು. ಅದು ಒಳ್ಳೆಯದಾ, ಇಲ್ಲ 1/15 ಮತ್ತು 1/4ರ ಎರಡೇ ಫ್ರೇಮ್ ಬೆರೆಸೋದು ಸಾಕಾ? ಬೆರೆಸಿದಾಗ ಕಪ್‌ನ ಸುತ್ತ ಬೂದು ಪ್ರಭೆ ಬರುತ್ತೆ, ಮಾಸ್ಕ್ (ಯಾವ ಭಾಗ ಯಾವ ಫ್ರೇಮಿನಿಂದ ಅಂತ ಗುರುತಿಸೋ ಪದರ) ಅಂಚಿನಲ್ಲಿ ಎಷ್ಟು ಮೆತ್ತಗಿರಬೇಕು?

‘ದೀಪಕ್ಕೆ ಬಿಳಿ ಕಾಗದ ಅಡ್ಡ ಹಿಡಿ’ ಅನ್ನೋರಿಗೆ: ಸರಿಯಾದ ಮಾತೇ, ಆದರೆ ಆ ಗಡಸು ನೆರಳೇ ಇಲ್ಲಿ ಬೇಕಾಗಿರೋದು. ಮುಖ್ಯ ಲೆನ್ಸ್‌ನ ಅಪರ್ಚರ್ (ಬೆಳಕಿನ ದ್ವಾರ) ಎಫ್/1.8, ಝೂಮ್ ಬಳಸಿಲ್ಲ.