‘ಕಾಶೆ’ ನೋಡಿ ಗುಂಪು ಎರಡಾಯಿತು: ಫ್ರಾನ್ಸಿನ ಮನೋವೈಜ್ಞಾನಿಕ ಚಿತ್ರಗಳ ಬಗ್ಗೆ ನಿಮ್ಮ ಅನುಭವ ತಿಳಿಸಿ

ಪ್ರಶ್ನೆ, ಶಿವಮೊಗ್ಗದಿಂದ

ನಾವು ಕೆಲವು ಸ್ನೇಹಿತರು ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿ ಸಿನಿಮಾ ನೋಡಿ ಚರ್ಚಿಸುತ್ತೇವೆ. ಕಳೆದ ಬಾರಿ ಮೈಕೆಲ್ ಹಾನೆಕೆ ನಿರ್ದೇಶನದ 2005ರ ‘ಕಾಶೆ’ ನೋಡಿದೆವು. ಕೆಲವರು ಅದನ್ನು ಬಹಳ ಮೆಚ್ಚಿಕೊಂಡರು. ಉಳಿದವರು ಎರಡು ಗಂಟೆ ಕಾಯಿಸಿ, ಚಿತ್ರದ ಕುಟುಂಬಕ್ಕೆ ಗುಟ್ಟಾಗಿ ವಿಡಿಯೊ ಕ್ಯಾಸೆಟ್‌ಗಳನ್ನು ಕಳಿಸಿದವರು ಯಾರೆಂದು ಕೊನೆಗೂ ಹೇಳಲಿಲ್ಲವೆಂದು ಬೇಸರಪಟ್ಟುಕೊಂಡರು. ಇಂತಹ ಚಿತ್ರಗಳನ್ನು ಇನ್ನಷ್ಟು ನೋಡಬೇಕೆಂಬ ಆಸೆ ನನಗಿದೆ, ಆದರೆ ಗುಂಪು ಒಡೆಯಬಾರದು. ಈ ಭಿನ್ನಾಭಿಪ್ರಾಯ ಎಲ್ಲಿಂದ ಬರುತ್ತದೆ? ಮುಂದೆ ಯಾವ ಚಿತ್ರ ಹಾಕಬಹುದು? ಅನುಭವ ಇರುವವರು ದಯವಿಟ್ಟು ತಿಳಿಸಿ.

ಮೈಸೂರಿನಿಂದ

ಬೇಸರಪಟ್ಟುಕೊಂಡ ನಿಮ್ಮ ಸ್ನೇಹಿತರ ದೂರಿನಲ್ಲಿ ನ್ಯಾಯವಿದೆ, ಏಕೆಂದರೆ ಆ ಚಿತ್ರ ಪತ್ತೇದಾರಿ ಕಥೆಯಂತೆಯೇ ಶುರುವಾಗುತ್ತದೆ. ಪ್ಯಾರಿಸ್ಸಿನ ಒಂದು ಬೀದಿ, ಅದರಾಚೆ ಒಂದು ಮನೆ, ಅಲುಗಾಡದೆ ನಿಂತ ಕ್ಯಾಮೆರಾ. ನಿಮಿಷಗಳೇ ಕಳೆದರೂ ಏನೂ ನಡೆಯುವುದಿಲ್ಲ. ಆಮೇಲೆ ಪರದೆಯ ಮೇಲೆ ಗೆರೆಗಳೆದ್ದು ಚಿತ್ರ ಹಿಂದಕ್ಕೆ ಓಡತೊಡಗಿದಾಗಲೇ, ನಾವು ಇಷ್ಟು ಹೊತ್ತು ನೋಡುತ್ತಿದ್ದದ್ದು ಆ ಮನೆಯವರಿಗೆ ಯಾರೋ ಕಳಿಸಿದ ಕ್ಯಾಸೆಟ್ಟನ್ನು ಎಂದು ತಿಳಿಯುವುದು. ಹೀಗೆ ಕುತೂಹಲ ಹುಟ್ಟಿಸಿದ ನಿರ್ದೇಶಕನಿಂದ ಉತ್ತರ ಬಯಸುವುದು ತಪ್ಪಲ್ಲ.

ಆದರೆ ನಮ್ಮ ಬಳಗದಲ್ಲಿ ಚರ್ಚೆ ಬೆಳೆದದ್ದು ಬೇರೊಂದು ಪ್ರಶ್ನೆಯಿಂದ. ಕಳಿಸಿದವರು ಯಾರು ಎಂಬುದನ್ನು ಬದಿಗಿಟ್ಟು, ಆ ಮನೆಯ ಯಜಮಾನ ಜಾರ್ಜ್ ಯಾವ ಯಾವ ಗಳಿಗೆಯಲ್ಲಿ ಸುಳ್ಳು ಹೇಳುತ್ತಾನೆ ಎಂದು ಹುಡುಕಲು ಹೊರಟೆವು. ಡೇನಿಯಲ್ ಒತೇಯ್ ಅಭಿನಯಿಸಿರುವ ಈ ಜಾರ್ಜ್ ಟಿವಿಯಲ್ಲಿ ಸಾಹಿತ್ಯದ ಕಾರ್ಯಕ್ರಮ ನಡೆಸುವ ಗೌರವಸ್ಥ. ತನ್ನ ಸಂಶಯ ಯಾರ ಮೇಲೆಂಬುದು ಅವನಿಗೆ ಬೇಗನೆ ಹೊಳೆಯುತ್ತದೆ, ಆದರೂ ಹೆಂಡತಿಗೆ ಹೇಳುವುದಿಲ್ಲ. ಆರು ವರ್ಷದ ಹುಡುಗನಾಗಿದ್ದಾಗ, ತಂದೆತಾಯಿ ದತ್ತು ತೆಗೆದುಕೊಳ್ಳಲಿದ್ದ ಮಜೀದ್ ಎಂಬ ಅಲ್ಜೀರಿಯನ್ ಬಾಲಕನ ಮೇಲೆ ಅವನು ಚಾಡಿ ಹೇಳಿ ಮನೆಯಿಂದ ಹೊರಗೆ ಹಾಕಿಸಿದ್ದ. ಆ ವಯಸ್ಸಿನ ಮಗುವನ್ನು ತಪ್ಪಿತಸ್ಥನೆನ್ನಲು ನಮ್ಮಲ್ಲಿ ಯಾರೂ ಒಪ್ಪಲಿಲ್ಲ. ನಡುವಯಸ್ಸಿಗೆ ಬಂದ ಮೇಲೂ ಅದನ್ನು ಮುಚ್ಚಿಡುವ ಮನುಷ್ಯನ ಬಗ್ಗೆ ಮಾತ್ರ ಮಾತು ಮುಗಿಯಲೇ ಇಲ್ಲ. ಉತ್ತರ ಸಿಕ್ಕಿದ್ದರೆ ನಾವೆಲ್ಲರೂ ಅಪರಾಧಿಯನ್ನು ಬೈದು ಎದ್ದುಬಿಡುತ್ತಿದ್ದೆವು, ಜಾರ್ಜ್ ಪಾರಾಗುತ್ತಿದ್ದ.

ಮತ್ತೊಂದು ಮಾತು. ಕೊನೆಯ ದೃಶ್ಯವನ್ನು ಇನ್ನೊಮ್ಮೆ ಹಾಕಿ ಪರದೆಯ ಎಡಭಾಗದ ಕೆಳಗಡೆ ನೋಡಿ. ಶಾಲೆಯ ಮೆಟ್ಟಿಲ ಮೇಲಿನ ಮಕ್ಕಳ ಗುಂಪಿನಲ್ಲಿ ಜಾರ್ಜನ ಮಗನೂ ಮಜೀದನ ಮಗನೂ ಏನೋ ಮಾತಾಡುತ್ತಾರೆ. ಅದು ನಮಗೆ ಕೇಳಿಸುವುದಿಲ್ಲ. ಎಷ್ಟೋ ಮಂದಿ ಇದನ್ನು ಗಮನಿಸದೆಯೇ ಅಭಿಪ್ರಾಯ ಹೇಳಿರುತ್ತಾರೆ.

ಫ್ರಾನ್ಸಿನ ಲಿಯಾನ್‌ನಿಂದ

ಮೈಸೂರಿನವರ ಮಾತಿಗೆ ಒಂದು ಸೇರ್ಪಡೆ. ಮಜೀದನ ತಂದೆತಾಯಿ ಏನಾದರು ಎಂಬುದನ್ನು ಜಾರ್ಜ್ ನಾಲ್ಕಾರು ವಾಕ್ಯಗಳಲ್ಲಿ ಹೇಳಿ ಮುಗಿಸುತ್ತಾನೆ. ಇತಿಹಾಸ ಗೊತ್ತಿಲ್ಲದವರಿಗೆ ಅದು ಕಿವಿಗೆ ಬೀಳದೆಯೇ ಹೋಗಬಹುದು. 1961ರ ಅಕ್ಟೋಬರ್ 17ರಂದು, ತಮ್ಮ ಮೇಲೆ ಹೇರಿದ್ದ ರಾತ್ರಿ ಕರ್ಫ್ಯೂ ವಿರೋಧಿಸಿ ಪ್ಯಾರಿಸ್ಸಿನಲ್ಲಿ ಮೆರವಣಿಗೆ ಹೊರಟ ಸಾವಿರಾರು ಅಲ್ಜೀರಿಯನ್ನರ ಮೇಲೆ ಪೊಲೀಸರು ಮುಗಿಬಿದ್ದರು. ಹಲವರನ್ನು ಸೇನ್ ನದಿಗೆ ಎಸೆದರು. ಚಿತ್ರದಲ್ಲಿ ಆ ಮೆರವಣಿಗೆಗೆ ಹೋದ ಮಜೀದನ ತಂದೆತಾಯಿ ಮರಳಿ ಬರಲಿಲ್ಲ. ಪೊಲೀಸ್ ಮುಖ್ಯಸ್ಥನಾಗಿದ್ದವನು ಮೋರಿಸ್ ಪಪೋನ್. ಸತ್ತವರು ಬೆರಳೆಣಿಕೆಯಷ್ಟು ಮಂದಿ ಎಂದು ಸರ್ಕಾರ ಆಗ ಹೇಳಿತು, ಇತಿಹಾಸಕಾರರ ಅಂದಾಜು ಹಲವು ಹತ್ತುಗಳಿಂದ ಇನ್ನೂರರಾಚೆಗೂ ಹೋಗುತ್ತದೆ. ಪ್ಯಾರಿಸ್ ನಗರಾಡಳಿತ ಸಾಂ ಮಿಶೆಲ್ ಸೇತುವೆಯ ಬಳಿ ಸ್ಮಾರಕ ಫಲಕ ಹಾಕಿದ್ದು 2001ರಲ್ಲಿ.

ಈ ಹಿನ್ನೆಲೆ ಗೊತ್ತಿದ್ದರೆ ಎಲ್ಲರೂ ಮೆಚ್ಚುತ್ತಾರೆ ಎಂದೇನೂ ಅಲ್ಲ. ಇಲ್ಲಿ ನನ್ನ ಜೊತೆ ಕೆಲಸ ಮಾಡುವ ಫ್ರೆಂಚರಲ್ಲಿ ಕೆಲವರು, ದೇಶದ ಪಾಪವನ್ನು ಒಂದು ಕುಟುಂಬದ ಗುಟ್ಟಿನೊಳಗೆ ತುಂಬಿಸಿದ್ದು ಸರಿಯಲ್ಲ ಎನ್ನುತ್ತಾರೆ. ನನ್ನ ಆಕ್ಷೇಪ ಬೇರೆಯದು. ಜಾರ್ಜನ ಕನಸುಗಳನ್ನೂ ನೆನಪುಗಳನ್ನೂ ತೋರಿಸುವ ಚಿತ್ರ ಮಜೀದನ ಮನಸ್ಸಿನೊಳಕ್ಕೆ ಒಮ್ಮೆಯೂ ಇಣುಕುವುದಿಲ್ಲ. ಬಹಳ ಮೆಚ್ಚಿದ ಚಿತ್ರವಾದರೂ, ಈ ಕೊರತೆ ನನ್ನನ್ನು ಈಗಲೂ ಕಾಡುತ್ತದೆ.

ಧಾರವಾಡದಿಂದ

ನಮ್ಮಲ್ಲಿ ಜಗಳ ಹತ್ತಿದ್ದು ಕ್ಲೋದ್ ಸೋತೆಯವರ 1992ರ ‘ಅನ್ ಕೋರ್ ಆನ್ ಇವೇರ್’ ನೋಡಿದಾಗ. ಇದರಲ್ಲಿ ಪತ್ತೆಯಾಗದ ರಹಸ್ಯವಿಲ್ಲ, ಹಾಗಾಗಿ ನಿಮ್ಮ ಪ್ರಶ್ನೆಗೆ ಇದೂ ಒಂದು ಉದಾಹರಣೆಯಾದೀತು. ಪಿಟೀಲು ರಿಪೇರಿ ಮಾಡುವ ಸ್ಟೆಫಾನ್ ಎಂಬ ಮಿತಭಾಷಿಯ ಪಾತ್ರ ಇಲ್ಲಿಯೂ ಒತೇಯ್ ಅವರದೇ. ಸ್ಟೆಫಾನನ ವ್ಯವಹಾರದ ಪಾಲುದಾರನನ್ನು ಪ್ರೀತಿಸುವ ಕಮಿಲ್ ಎಂಬ ಪಿಟೀಲು ವಾದಕಿಯ ಅಭ್ಯಾಸಕ್ಕೆ ಅವನು ಬಂದು ಕೂಡುತ್ತಾನೆ. ಅವಳು ಫ್ರೆಂಚ್ ಸಂಗೀತ ಸಂಯೋಜಕ ರಾವೆಲ್ ಅವರ ಸಂಗೀತ ನುಡಿಸುವಾಗ ಅವನು ಕೇಳುವ ರೀತಿಗೇ ಅವಳ ಮನಸ್ಸು ಅವನತ್ತ ವಾಲುತ್ತದೆ. ಅವಳು ತನ್ನ ಪ್ರೀತಿಯನ್ನು ಬಾಯಿಬಿಟ್ಟು ಹೇಳಿದಾಗ ಆತ ಸಮಾಧಾನದಿಂದಲೇ, ತನಗೆ ಅಂತಹ ಭಾವನೆ ಇಲ್ಲ ಎಂದುಬಿಡುತ್ತಾನೆ.

ಚಿತ್ರ ಮುಗಿದ ಕೂಡಲೇ ನಮ್ಮ ಅಕ್ಕ, ಇವನಂತಹ ಕಟುಕ ಬೇರೆ ಇಲ್ಲ ಎಂದರು. ಸಂಗೀತ ಕಲಿಸುವ ನನ್ನ ಸ್ನೇಹಿತರು, ಇಲ್ಲದ ಪ್ರೀತಿಯನ್ನು ನಟಿಸದೇ ಇದ್ದವನನ್ನು ಕಟುಕನೆನ್ನುವುದು ಹೇಗೆ ಎಂದು ವಾದಿಸಿದರು. ಕಥೆಯ ಕೊನೆಯ ಭಾಗವನ್ನು ಹೇಳುವುದಕ್ಕೆ ಕ್ಷಮೆಯಿರಲಿ: ಯಾತನೆಯಲ್ಲಿರುವ ವೃದ್ಧ ಗುರುವಿಗೆ ಬಿಡುಗಡೆ ಕೊಡುವ ಇಂಜೆಕ್ಷನ್ ಚುಚ್ಚಲು ಉಳಿದವರಿಗೆ ಕೈ ಬಾರದೇ ಇದ್ದಾಗ, ಮುಂದೆ ಬರುವವನು ಸ್ಟೆಫಾನನೇ. ಭಾವನೆಯೇ ಇಲ್ಲದವನು ಆ ಕೆಲಸ ಮಾಡುತ್ತಾನೆಯೇ, ಅಥವಾ ಭಾವನೆ ಇಲ್ಲದ್ದರಿಂದಲೇ ಮಾಡಬಲ್ಲನೇ? ನಾವು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ಸಿನಿಮಾ ನಮಗೆ ಸ್ಟೆಫಾನನ ನಡತೆಯನ್ನು ಮಾತ್ರ ತೋರಿಸಿ, ಕಾರಣವನ್ನು ತಡೆಹಿಡಿಯುತ್ತದೆ. ಆ ಖಾಲಿ ಜಾಗವನ್ನು ಪ್ರತಿಯೊಬ್ಬರೂ ತಾವು ಬಾಳಿನಲ್ಲಿ ಕಂಡ ಮನುಷ್ಯರಿಂದ ತುಂಬಿಕೊಳ್ಳುತ್ತಾರೆ. ಅಭಿಪ್ರಾಯ ಭೇದ ಹುಟ್ಟುವುದು ಅಲ್ಲಿಯೇ ಎಂಬುದು ನನ್ನ ನಂಬಿಕೆ.

ಮಂಗಳೂರಿನಿಂದ

ಚಿಕ್ಕದೊಂದು ಸಲಹೆ. ಡಬ್ಬಿಂಗ್ ಆದ ಪ್ರತಿಯನ್ನು ಹಾಕಬೇಡಿ, ಮೂಲ ಧ್ವನಿಯ ಜೊತೆ ಸಬ್‌ಟೈಟಲ್ ಇಟ್ಟುಕೊಳ್ಳಿ. 2023ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಪಡೆದ, ಜಸ್ಟೀನ್ ತ್ರಿಯೆಯವರ ‘ಅನಾಟಮಿ ಆಫ್ ಎ ಫಾಲ್’ ಚಿತ್ರದಲ್ಲಿ, ಗಂಡನನ್ನು ಕೊಂದ ಆರೋಪ ಹೊತ್ತ ಜರ್ಮನ್ ಲೇಖಕಿ ಮನೆಯಲ್ಲಿ ಇಂಗ್ಲಿಷ್ ಆಡುತ್ತಾಳೆ, ನ್ಯಾಯಾಲಯದಲ್ಲಿ ಫ್ರೆಂಚ್‌ನಲ್ಲಿ ಉತ್ತರಿಸಲು ತಡವರಿಸುತ್ತಾಳೆ. ಆ ತಡವರಿಕೆಯನ್ನು ಕಿವಿಯಾರೆ ಕೇಳದವರು ಅವಳನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸುವುದು ಕಷ್ಟ.

ಬೆಂಗಳೂರಿನಿಂದ

ಮುಂದಿನ ಬಾರಿಗೆ ಕ್ಲೋದ್ ಶಬ್ರೋಲ್ ಅವರ 1995ರ ‘ಲಾ ಸೆರೆಮೊನಿ’ ಆರಿಸಿಕೊಳ್ಳಿ. ಬ್ರಿಟನಿ ಪ್ರಾಂತ್ಯದ ಶ್ರೀಮಂತರ ಮನೆಗೆ ಕೆಲಸಕ್ಕೆ ಸೇರಿದ ಸೋಫಿಗೆ ಓದು ಬರುವುದಿಲ್ಲ, ಅದನ್ನು ಮುಚ್ಚಿಡಲು ಅವಳು ಕನ್ನಡಕದ ನೆಪ ಹೇಳುತ್ತಾಳೆ. ಆ ಊರಿನ ಅಂಚೆ ಕಚೇರಿಯ ಹೆಂಗಸಿನೊಡನೆ ಅವಳ ಸ್ನೇಹ ಬೆಳೆಯುತ್ತದೆ. ಸಾಂದ್ರಿನ್ ಬೊನೇರ್ ಮತ್ತು ಇಸಬೆಲ್ ಯುಪೇರ್ ಅವರ ಅಭಿನಯಕ್ಕಾಗಿಯೇ ಇದನ್ನು ನೋಡಬಹುದು. ಏನು ನಡೆಯಿತು, ಯಾರು ಮಾಡಿದರು ಎಂಬುದು ಇಲ್ಲಿ ಸಂಪೂರ್ಣ ಸ್ಪಷ್ಟವಾಗಿರುವುದರಿಂದ, ‘ಕಾಶೆ’ಯಿಂದ ಬೇಸರಗೊಂಡವರಿಗೆ ಆ ದೂರು ಉಳಿಯುವುದಿಲ್ಲ, ಏಕೆ ಮಾಡಿದರು ಎಂಬುದಷ್ಟೇ ಚರ್ಚೆಗೆ ಸಿಗುತ್ತದೆ. ನಮ್ಮಲ್ಲಿ ಕೆಲವರು ಬಡವ-ಬಲ್ಲಿದರ ದ್ವೇಷ ಎಂದರು, ಕೆಲವರು ಓದು ಬಾರದ ಅವಮಾನ ಎಂದರು, ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ಕೆಣಕಿ ಕೆಡಿಸಿದರು ಎಂದವರೂ ಇದ್ದರು. ಸೋಫಿಯನ್ನು ಆ ಮನೆಯವರು ದಯೆಯಿಂದಲೇ ನಡೆಸಿಕೊಳ್ಳುತ್ತಾರೆ ಎಂಬುದನ್ನು ಮಾತ್ರ ನಿಮ್ಮ ಚರ್ಚೆಯಲ್ಲಿ ಬಿಡಬೇಡಿ, ಚಿತ್ರದ ಅತ್ಯಂತ ಕಠಿಣವಾದ ಪ್ರಶ್ನೆ ಆ ದಯೆಯಲ್ಲಿಯೇ ಇದೆ.

ಚಿತ್ರದ ಕೊನೆಯಲ್ಲಿ ಹೆಸರುಗಳು ಬರತೊಡಗಿದವೆಂದು ಟಿವಿ ಆರಿಸಬೇಡಿ. ಅವು ಕಾಣಿಸಿಕೊಳ್ಳುವಾಗಲೂ ದೃಶ್ಯ ಮುಂದುವರಿಯುತ್ತಿರುತ್ತದೆ.